ಅಭ್ಯಾಸ: ಆವೃತ್ತಿಯೋ, ಲಕ್ಷ್ಯವೋ?

‘ಅಭ್ಯಾಸ’ ಎಂಬ ಶಬ್ದವು ಕನ್ನಡದ ಮನೆಮಾತಿನಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ ಅದರ ಮೂಲಾರ್ಥದ ಕಡೆಗೆ ಗಮನ ಹರಿಯುವುದೇ ಅಪರೂಪ. ಬಾಲಕನು ಪುಸ್ತಕ ತೆರೆದು ಕುಳಿತರೆ ಅದು ಅಭ್ಯಾಸ. ಗವಾಯಿಯು ಬೆಳಗಿನ ಜಾವದಲ್ಲಿ ಷಡ್ಜ ಹಿಡಿದು ಕುಳಿತರೆ ಅದು ಅಭ್ಯಾಸ. ಮುದುಕನ ಕೈ ತಾನಾಗಿಯೇ ನಶ್ಯದ ಡಬ್ಬಿಯತ್ತ ಹೋದರೆ ಅದೂ ಅಭ್ಯಾಸವೇ. ಇಷ್ಟು ಭಿನ್ನವಾದ ಸಂಗತಿಗಳನ್ನು ಒಂದೇ ಶಬ್ದವು ಹೊತ್ತು ನಿಂತಿರುವಾಗ ವಿಚಾರವು ಶಬ್ದದಿಂದಲೇ ಆರಂಭವಾಗುವುದು ಯುಕ್ತ.

‘ಅಭಿ’ ಎಂಬ ಉಪಸರ್ಗಕ್ಕೆ ‘ಅಭಿಮುಖವಾಗಿ, ಒಂದರ ಕಡೆಗೆ’ ಎಂದು ಅರ್ಥ. ‘ಅಸ್’ ಧಾತುವಿಗೆ ‘ಎಸೆ’ ಎಂದು ಅರ್ಥ. ‘ಅಸ್ತ್ರ’ ಎಂಬ ಪದವೂ ಈ ಧಾತುವಿನಿಂದಲೇ ನಿಷ್ಪನ್ನವಾದದ್ದು. ಎಂದಮೇಲೆ, ಎದುರಿಗೆ ಒಂದು ಗುರಿಯನ್ನು ಇಟ್ಟುಕೊಂಡು ಅದರ ಕಡೆಗೆ ಎಸೆಯುವುದೇ ಅಭ್ಯಾಸ. ಪಾಣಿನೀಯ ವ್ಯಾಕರಣದಲ್ಲಿ ಇದೇ ಶಬ್ದಕ್ಕೆ ಬೇರೊಂದು ಪಾರಿಭಾಷಿಕ ಅರ್ಥವುಂಟು. ಧಾತುವಿಗೆ ದ್ವಿತ್ವ ಬಂದಾಗ ಮೊದಲನೆಯ ಭಾಗಕ್ಕೆ ‘ಅಭ್ಯಾಸ’ ಎಂದು ಸಂಜ್ಞೆ. ‘ಪಪಾಠ’ ಎಂಬ ರೂಪದಲ್ಲಿ ಮೊದಲ ‘ಪ’ಕಾರವು ಅಭ್ಯಾಸ. ಅಲ್ಲಿ ‘ಪಠ್’ ಎಂಬ ಧಾತುವೇ ಎರಡಾಗಿ, ಮೊದಲನೆಯದರ ವ್ಯಂಜನಾಂತ್ಯವು ಲೋಪಗೊಂಡು, ‘ಪ’ ಎಂಬಷ್ಟೇ ಉಳಿಯುತ್ತದೆ. ಹೀಗೆ ಒಂದೇ ಶಬ್ದಕ್ಕೆ ಲಕ್ಷ್ಯದ ಅರ್ಥವೂ ಇದೆ, ಆವೃತ್ತಿಯ ಅರ್ಥವೂ ಇದೆ. ಲಕ್ಷ್ಯವಿಲ್ಲದ ಆವೃತ್ತಿಯು ಸವೆದು ಅರ್ಧಾಕ್ಷರವಾಗಿ ಉಳಿಯುತ್ತದೆಂಬುದನ್ನು ವ್ಯಾಕರಣವು ತನ್ನದೇ ರೀತಿಯಲ್ಲಿ ಸೂಚಿಸುವಂತಿದೆ. ಲೋಕವ್ಯವಹಾರದಲ್ಲಿ ಎರಡನೆಯ ಅರ್ಥವೇ ಬಲಿತು ಮೊದಲನೆಯದು ಮರೆಯಾಗಿರುವುದು, ವಿಶೇಷವಾಗಿ ವಿದ್ಯಾಶಾಲೆಗಳಲ್ಲಿ, ಚಿಂತನೀಯವಾದ ವಿಷಯ.

ಗಾದೆಯ ಉತ್ತರಾರ್ಧ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಮಕ್ಕಳನ್ನು ಅಭ್ಯಾಸಕ್ಕೆ ಹಚ್ಚುವಾಗ ಹಿರಿಯರು ಅದರ ಪೂರ್ವಾರ್ಧವನ್ನು ಉದಾಹರಿಸುತ್ತಾರೆ. ಆದರೆ ಗಾದೆಯ ಬಲವಿರುವುದು ಎರಡೂ ಭಾಗಗಳು ಕೂಡಿದಲ್ಲಿ. ಆವೃತ್ತಿಯು ಗುಣವನ್ನು ಹೇಗೋ ಹಾಗೆಯೇ ದೋಷವನ್ನೂ ಗಟ್ಟಿಗೊಳಿಸುತ್ತದೆ. ‘ಹಾಲು’ ಎಂಬುದನ್ನು ‘ಆಲು’ ಎಂದು ಹತ್ತು ವರ್ಷ ಓದಿದವನು ಹತ್ತು ವರ್ಷಗಳ ತಪ್ಪನ್ನು ಅಭ್ಯಾಸ ಮಾಡಿರುತ್ತಾನೆ. ಅಪಸ್ವರದಲ್ಲಿ ಸಾವಿರ ಸಲ ಹಾಡಿದವನಿಗೆ ಅಪಸ್ವರವೇ ಕರಗತವಾಗುತ್ತದೆ. ಆದುದರಿಂದ ಎಷ್ಟು ಸಲ ಮಾಡಿದನೆಂಬ ಪ್ರಶ್ನೆಗಿಂತ ಮೊದಲು, ಯಾವುದನ್ನು ತಿದ್ದಿಕೊಳ್ಳಲು ಮಾಡಿದನೆಂಬ ಪ್ರಶ್ನೆ ಏಳಬೇಕು.

ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಶಿಕ್ಷೆಯನ್ನು ಇಲ್ಲಿ ನೆನೆಯಬಹುದು. ತಪ್ಪು ಬರೆದ ಶಬ್ದವನ್ನು ನೂರು ಸಲ ಬರೆದು ತರುವಂತೆ ಹೇಳುವುದುಂಟು. ಮಗುವು ಮಾಡುವುದೇನು? ಹಾಳೆಯ ಎಡಬದಿಯಲ್ಲಿ ಮೊದಲಕ್ಷರವನ್ನು ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಬರೆದುಬಿಡುತ್ತದೆ; ಆಮೇಲೆ ಎರಡನೆಯ ಅಕ್ಷರದ ಸಾಲು; ಆಮೇಲೆ ಮೂರನೆಯದು. ನೂರು ಸಲ ಬರೆದದ್ದೇನೋ ನಿಜ. ಆ ಶಬ್ದವನ್ನು ಮಾತ್ರ ಒಂದು ಸಲವೂ ಬರೆದಂತಾಗಲಿಲ್ಲ. ಇಲ್ಲಿ ಮಗುವನ್ನು ದೂರುವುದು ಸಲ್ಲದು. ಗುರಿಯನ್ನು ಕಳೆದ ಕೆಲಸಕ್ಕೆ ಮನುಷ್ಯನ ಬುದ್ಧಿ ಸಹಜವಾಗಿ ಹುಡುಕಿಕೊಳ್ಳುವ ದಾರಿಯದು.

ಪ್ರಯೋಗಗಳ ಸಾಕ್ಷ್ಯ

ಈ ವಿಷಯವನ್ನು ಆಧುನಿಕ ಮನಶ್ಶಾಸ್ತ್ರವು ವಿಶೇಷವಾಗಿ ಪರಿಶೀಲಿಸಿದೆ. ಸ್ವೀಡನ್ ದೇಶದಲ್ಲಿ ಹುಟ್ಟಿ ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು ೨೦೨೦ರಲ್ಲಿ ನಿಧನರಾದ ಆಂಡರ್ಸ್ ಎರಿಕ್ಸನ್ ಅವರು ಇಬ್ಬರು ಸಹೋದ್ಯೋಗಿಗಳೊಡನೆ ೧೯೯೩ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದಲ್ಲಿ ಪ್ರಸಿದ್ಧವಾದದ್ದು. ಬರ್ಲಿನ್ ನಗರದ ಸಂಗೀತ ವಿದ್ಯಾಲಯದ ಪಿಟೀಲುವಾದಕರನ್ನು ಅವರು ಮೂರು ವರ್ಗಗಳಲ್ಲಿ ಪರಿಶೀಲಿಸಿದರು: ಅತ್ಯುತ್ತಮರು, ಉತ್ತಮರು, ಮುಂದೆ ಸಂಗೀತ ಶಿಕ್ಷಕರಾಗತಕ್ಕವರು. ಹದಿನೆಂಟು ವಯಸ್ಸು ತುಂಬುವಷ್ಟರಲ್ಲಿ ಇವರು ಏಕಾಂತದಲ್ಲಿ ಮಾಡಿದ್ದ ಸಾಧಕವು ಸರಾಸರಿ ಮೊದಲನೆಯ ವರ್ಗಕ್ಕೆ ೭,೪೧೦ ಗಂಟೆ, ಎರಡನೆಯದಕ್ಕೆ ೫,೩೦೧ ಗಂಟೆ, ಮೂರನೆಯದಕ್ಕೆ ೩,೪೨೦ ಗಂಟೆ. ಅಧ್ಯಯನದ ಕಾಲದಲ್ಲಿ ಮೊದಲೆರಡು ವರ್ಗದವರು ವಾರಕ್ಕೆ ಸುಮಾರು ೨೪ ಗಂಟೆ ಏಕಾಂತಸಾಧಕ ಮಾಡುತ್ತಿದ್ದರೆ ಮೂರನೆಯವರದು ಸುಮಾರು ೯ ಗಂಟೆ. ಮೇಲಾಗಿ ಹೆಚ್ಚು ಸಾಧಕ ಮಾಡಿದವರು ನಿದ್ರೆಯನ್ನೂ ಹೆಚ್ಚು ಮಾಡುತ್ತಿದ್ದರು. ಮಧ್ಯಾಹ್ನದ ವಿಶ್ರಾಂತಿಯನ್ನು ತಪ್ಪಿಸುತ್ತಿರಲಿಲ್ಲ. ಏಕಾಗ್ರವಾದ ದುಡಿಮೆಯು ದಿನವಿಡೀ ಸಾಗತಕ್ಕದ್ದಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಬಗೆಯ ಅಭ್ಯಾಸಕ್ಕೆ ವಿದ್ವಾಂಸರು ಕೊಟ್ಟ ಲಕ್ಷಣಗಳನ್ನು ಹೀಗೆ ಸಂಗ್ರಹಿಸಬಹುದು. ಒಂದು, ಸಮಗ್ರವಾದ ವಿದ್ಯೆಯನ್ನು ಬಿಡಿಸಿ ಅದರೊಳಗಿನ ಒಂದು ಚಿಕ್ಕ ಅಂಶವನ್ನು ಗುರಿಯಾಗಿ ಆರಿಸಿಕೊಳ್ಳುವುದು. ಎರಡು, ಆ ಅಂಶವು ಸದ್ಯದ ಸಾಮರ್ಥ್ಯಕ್ಕಿಂತ ಸ್ವಲ್ಪ ಮೇಲಿರುವುದು. ತೀರ ಸುಲಭವೂ ಅಲ್ಲ, ಎಟುಕದಷ್ಟು ದೂರವೂ ಅಲ್ಲ. ಮೂರು, ಮಾಡಿದ್ದು ಸರಿಯೋ ತಪ್ಪೋ ಎಂಬುದು ಒಡನೆಯೇ ತಿಳಿಯುವುದು. ನಾಲ್ಕು, ತಿಳಿದ ತಪ್ಪನ್ನು ತಿದ್ದಿ ಮತ್ತೆ ಮಾಡುವ ಅವಕಾಶವಿರುವುದು. ಇವೆಲ್ಲಕ್ಕೂ ಮಾರ್ಗವನ್ನು ಬಲ್ಲ ಗುರುವಿನ ಕಣ್ಗಾವಲು ಬೇಕು. ಹತ್ತು ಸಾವಿರ ಗಂಟೆ ದುಡಿದರೆ ಯಾರಾದರೂ ನಿಪುಣರಾಗುವರೆಂಬ ಮಾತು ೨೦೦೮ರಲ್ಲಿ ಪ್ರಕಟವಾದ ಮಾಲ್ಕಮ್ ಗ್ಲಾಡ್‌ವೆಲ್ ಅವರ ಜನಪ್ರಿಯ ಗ್ರಂಥದಿಂದ ಲೋಕದಲ್ಲಿ ಹರಡಿತು. ಸ್ವತಃ ಎರಿಕ್ಸನ್ ಅವರೇ ಅದನ್ನು ಒಪ್ಪಲಿಲ್ಲ. ಗಂಟೆಗಳ ಎಣಿಕೆಯು ಆವೃತ್ತಿಯ ಎಣಿಕೆಯೇ ಹೊರತು ಲಕ್ಷ್ಯದ ಎಣಿಕೆಯಲ್ಲ.

ಇದಕ್ಕೂ ಮೊದಲು, ೧೯೮೦ರಲ್ಲಿ, ಇದೇ ವಿದ್ವಾಂಸರು ಭಾಗಿಯಾಗಿದ್ದ ಮತ್ತೊಂದು ಪ್ರಯೋಗದ ವರದಿ ಹೊರಬಂದಿತು. ಒಂದು ಸಲ ಕೇಳಿ ಏಳು ಅಂಕಿಗಳನ್ನಷ್ಟೇ ಒಪ್ಪಿಸಬಲ್ಲ ಸಾಮಾನ್ಯ ಧಾರಣಶಕ್ತಿಯ ವಿದ್ಯಾರ್ಥಿಯೊಬ್ಬನು ಇಪ್ಪತ್ತು ತಿಂಗಳುಗಳಲ್ಲಿ ಸುಮಾರು ೨೩೦ ಗಂಟೆಗಳ ಅಭ್ಯಾಸದಿಂದ ೭೯ ಅಂಕಿಗಳನ್ನು ಒಪ್ಪಿಸುವಂತಾದನು. ಅವನು ಓಟಗಾರನಾಗಿದ್ದುದರಿಂದ ಅಂಕಿಗಳ ಗುಂಪುಗಳನ್ನು ಓಟದ ಸಮಯಗಳಾಗಿ ಜೋಡಿಸಿಕೊಳ್ಳುತ್ತಿದ್ದನು. ಆದರೆ ಅಂಕಿಗಳಿಗೆ ಬದಲಾಗಿ ಅಕ್ಷರಗಳನ್ನು ಹೇಳಿದೊಡನೆ ಅವನ ಶಕ್ತಿಯು ಮತ್ತೆ ಆರರ ಸುಮಾರಿಗೆ ಇಳಿಯಿತು. ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ: ಸಾಮಾನ್ಯನೆನಿಸಿಕೊಂಡವನೂ ಬಹುದೂರ ಹೋಗಬಲ್ಲನು, ಆದರೆ ಅವನು ಹೋಗುವುದು ತಾನು ಅಭ್ಯಾಸ ಮಾಡಿದ ದಾರಿಯಲ್ಲಿ ಮಾತ್ರ. ಕಂಠಪಾಠದಿಂದ ಬುದ್ಧಿಯೆಲ್ಲವೂ ಒಟ್ಟಿಗೆ ಚುರುಕಾಗುತ್ತದೆಂಬ ನಂಬಿಕೆಗೆ ಇದು ಎಚ್ಚರಿಕೆ.

ಸಂಗೀತಶಾಲೆಯ ನಿದರ್ಶನ

ಪಾಶ್ಚಾತ್ಯರು ಪ್ರಯೋಗದಿಂದ ಕಂಡುಕೊಂಡ ಈ ಲಕ್ಷಣಗಳು ಭಾರತೀಯ ಪಾಠಕ್ರಮಗಳಿಗೆ ಹೊಸವಲ್ಲ. ವೇದಾಧ್ಯಯನದಲ್ಲಿ ಪದ, ಕ್ರಮ, ಜಟೆ, ಘನವೆಂಬ ಪಾಠಭೇದಗಳಿವೆ. ಜಟಾಪಾಠದಲ್ಲಿ ಒಂದು ಜೋಡಿ ಪದವನ್ನು ಮುಂದಾಗಿ, ಹಿಂದಾಗಿ, ಮತ್ತೆ ಮುಂದಾಗಿ ಹೇಳಬೇಕು. ತಪ್ಪು ನುಸುಳಿದರೆ ಅದು ಅಡಗಿ ಕೂರಲು ಎಡೆಯಿಲ್ಲದಂತೆ ಆ ಕ್ರಮವೇ ಕಾವಲು ನಿಲ್ಲುತ್ತದೆ. ಕರ್ಣಾಟಕ ಸಂಗೀತದ ಪ್ರಾಥಮಿಕ ಪಾಠಗಳೂ ಹೀಗೆಯೇ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯವು ಹೇಳುವ ಆ ಪದ್ಧತಿಯಲ್ಲಿ ಸರಳೆಯು ಸ್ವರಗಳ ನೇರ ನಡಿಗೆಯನ್ನು ಕಲಿಸುತ್ತದೆ. ಜಂಟಿಯು ಒಂದೇ ಸ್ವರವನ್ನು ಎರಡು ಸಲ ಒತ್ತಿ ಹಿಡಿಯುವುದನ್ನು. ದಾಟು ವರಸೆಯು ನಡುವಿನ ಸ್ವರವನ್ನು ಬಿಟ್ಟು ಜಿಗಿಯುವುದನ್ನು. ಅಲಂಕಾರವು ತಾಳದೊಡನೆ ಹೊಂದುವುದನ್ನು. ಒಂದೊಂದು ವರಸೆಗೂ ಒಂದೊಂದು ತೊಡಕೇ ಗುರಿ. ಒಂದನೆಯ ಕಾಲದಲ್ಲಿ ಶುದ್ಧವಾದ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು.

ವೀರಶೈವ ಮಠಗಳ ಆಶ್ರಯದಲ್ಲಿ ಬೆಳೆದ ಸಂಗೀತಪರಂಪರೆಯು ಇದಕ್ಕೆ ಉಜ್ಜ್ವಲ ಸಾಕ್ಷಿ. ಹಾನಗಲ್ಲ ಕುಮಾರಸ್ವಾಮಿಗಳವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (೧೮೯೨-೧೯೪೪) ಹುಟ್ಟುಕುರುಡರು. ಸಂಚಾರಿ ಪಾಠಶಾಲೆಯಾಗಿ ಊರೂರು ತಿರುಗಿ ಕೊನೆಗೆ ಗದಗಿನಲ್ಲಿ ನೆಲೆನಿಂತ ಅವರ ವೀರೇಶ್ವರ ಪುಣ್ಯಾಶ್ರಮವು ಅಂಧರಿಗೂ ಅನಾಥರಿಗೂ ವಿದ್ಯೆಯ ಮನೆಯಾಯಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಬಾಲ್ಯದಲ್ಲೇ ಕಣ್ಣು ಕಳೆದುಕೊಂಡವರಾದರೂ ಗಾಯನದಲ್ಲಿಯೂ ಅನೇಕ ವಾದ್ಯಗಳಲ್ಲಿಯೂ ಸಿದ್ಧಹಸ್ತರಾದರು. ಕಣ್ಣಿಲ್ಲದ ಶಿಷ್ಯನಿಗೆ ಪುಸ್ತಕವು ಮುಂದಿರುವುದಿಲ್ಲ. ಗುರುವು ಒಂದು ಪಲುಕನ್ನು ಹೇಳಬೇಕು; ಶಿಷ್ಯನು ಅದನ್ನು ಮರಳಿ ಹೇಳಬೇಕು; ತಪ್ಪಿದಲ್ಲಿಯೇ ತಡೆದು ತಿದ್ದಬೇಕು. ಗುರಿ, ತಿದ್ದುಪಡಿ, ಪುನಃಪ್ರಯತ್ನ ಈ ಮೂರೂ ಅಲ್ಲಿ ಒಂದೇ ಉಸಿರಿನಲ್ಲಿ ನಡೆಯುತ್ತವೆ.

ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನ ಮನಸೂರರ (೧೯೧೦-೧೯೯೨) ಜೀವನವು ಇನ್ನೊಂದು ಪಾಠವನ್ನು ಹೇಳುತ್ತದೆ. ನೀಲಕಂಠಬುವಾ ಮಿರಜಕರರಲ್ಲಿ ಕಲಿತು, ಗಾಯಕರೆಂದು ಹೆಸರಾಗಿ, ಗ್ರಾಮಫೋನ್ ತಟ್ಟೆಗಳೂ ಹೊರಬಂದ ಮೇಲೆ ಅವರು ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. ೧೯೩೭ರಲ್ಲಿ ಮಂಜೀಖಾನರು ತೀರಿಕೊಂಡ ಬಳಿಕ ಭೂರ್ಜಿಖಾನರಲ್ಲಿ ಶಿಷ್ಯವೃತ್ತಿಯನ್ನು ಮುಂದುವರಿಸಿದರು. ಇದ್ದ ಹೆಸರಿನಲ್ಲೇ ಜೀವನ ಸಾಗಿಸಬಹುದಾಗಿತ್ತು. ಜನರ ಚಪ್ಪಾಳೆ ದೊರೆತ ಮೇಲೂ ತನ್ನ ವಿದ್ಯೆಯಲ್ಲಿ ಇನ್ನೂ ಏರಬೇಕಾದ ಮೆಟ್ಟಿಲಿದೆಯೆಂದು ಕಾಣುವ ಕಣ್ಣು, ಮತ್ತೆ ಮೊದಲಿನಿಂದ ತಿದ್ದಿಸಿಕೊಳ್ಳುವ ವಿನಯ, ಇವೆರಡೂ ಕೂಡಿದ್ದು ಅಪೂರ್ವ.

ಕಾಯಕದಲ್ಲಿ

ಉದ್ಯೋಗಕ್ಷೇತ್ರದಲ್ಲಿ ಅನುಭವಕ್ಕೆ ದೊಡ್ಡ ಮನ್ನಣೆಯಿದೆ. ಆದರೆ ಅನುಭವವೂ ಅಭ್ಯಾಸವೂ ಒಂದೇ ಅಲ್ಲ. ವೈದ್ಯರ ಸೇವಾವರ್ಷಗಳಿಗೂ ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧವನ್ನು ಕುರಿತ ೬೨ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೫ರಲ್ಲಿ ಅಮೆರಿಕದ ವಿದ್ವಾಂಸರು ವಿಮರ್ಶಿಸಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ವರ್ಷಗಳು ಏರಿದಂತೆ ಗುಣಮಟ್ಟವು ಇಳಿದುದನ್ನು ತೋರಿಸಿದುವು. ಇದು ವೈದ್ಯರ ನಿಂದೆಯಲ್ಲ. ರೋಗಿಯು ಔಷಧ ಪಡೆದು ಮನೆಗೆ ಹೋಗುತ್ತಾನೆ. ಮುಂದೆ ಏನಾಯಿತೆಂಬ ಸುದ್ದಿಯು ಎಷ್ಟೋ ಸಲ ವೈದ್ಯನಿಗೆ ಮರಳಿ ಬರುವುದಿಲ್ಲ. ಕಲಿತ ಶಾಸ್ತ್ರವು ಹಳತಾಗುತ್ತದೆ. ಕೈ ಮಾತ್ರ ಹಳೆಯ ರೂಢಿಯಲ್ಲೇ ಓಡುತ್ತದೆ. ತಪ್ಪು ತಿಳಿಯದಲ್ಲಿ ತಿದ್ದುವಿಕೆಯೆಲ್ಲಿ?

ನೇಕಾರನ ಮಗ್ಗದಲ್ಲಿ ಹಾಗಲ್ಲ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ಒಂದು ಎಳೆ ತಪ್ಪಿದರೂ ಬಟ್ಟೆಯೇ ಅದನ್ನು ಹೇಳುತ್ತದೆ. ಮಡಿಕೆಯ ಬಾಯಿ ಸೊಟ್ಟಗಾದರೆ ತಿಗರಿಯ ಮೇಲೆಯೇ ಕುಂಬಾರನಿಗೆ ಕಾಣುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ನೇಕಾರರೂ ಮಡಿವಾಳರೂ ಅಂಬಿಗರೂ ಇದ್ದು, ತಮ್ಮ ತಮ್ಮ ದುಡಿಮೆಯನ್ನು ಬಿಡದೆಯೇ ಅನುಭಾವಿಗಳಾದರೆಂಬುದು ಸರ್ವವಿದಿತ. ಕೆಲಸವು ಕಾಯಕವೆನಿಸಬೇಕಾದರೆ ಅದರಲ್ಲಿ ಸತ್ಯಶುದ್ಧತೆ ಬೇಕೆಂದು ಶರಣರು ಬಯಸಿದರು. ನೆನ್ನೆಯ ದೋಷವನ್ನು ಬಲ್ಲೆನಾದರೂ ಇಂದೂ ಹಾಗೆಯೇ ಮಾಡುವೆನೆಂಬುವನಲ್ಲಿ ಆ ಶುದ್ಧತೆ ಉಳಿಯುವುದು ಕಷ್ಟ. ಕಚೇರಿಯ ಗುಮಾಸ್ತನಿರಲಿ, ಯಂತ್ರಶಾಲೆಯ ಕೆಲಸಗಾರನಿರಲಿ, ತನ್ನ ಕೆಲಸವು ತನಗೆ ತಪ್ಪನ್ನು ತೋರಿಸುವಂತಹ ಒಂದು ಕನ್ನಡಿಯನ್ನು ಏರ್ಪಡಿಸಿಕೊಳ್ಳುವುದು ಅವಶ್ಯ.

ಬೋಧನೆಯಲ್ಲಿ

ಅಧ್ಯಾಪಕನ ವೃತ್ತಿಯು ಮಗ್ಗಕ್ಕಿಂತ ವೈದ್ಯನ ಕೋಣೆಗೆ ಹತ್ತಿರವಾದದ್ದು. ಬಾಗಿಲು ಮುಚ್ಚಿದ ತರಗತಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನಿಗೆ ತನ್ನ ಪಾಠವನ್ನು ಇನ್ನೊಬ್ಬ ಬಲ್ಲವನು ನೋಡಿ ತಿದ್ದಿದ ಪ್ರಸಂಗವು ಮೂರು ಸಲವಾದರೂ ಬಂದಿರುವುದು ಅಪರೂಪ. ಮೂವತ್ತು ವರ್ಷಗಳ ಅನುಭವವೆಂಬುದು ಒಂದು ವರ್ಷದ ಅನುಭವದ ಮೂವತ್ತು ಪ್ರತಿಗಳಾಗುವ ಅಪಾಯವು ಇಲ್ಲಿದೆ.

ಇದಕ್ಕೆ ಪರಿಹಾರವಾಗಿ ೧೯೬೩ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಅವರ ಸಂಗಡಿಗರು ಸೂಕ್ಷ್ಮಬೋಧನೆಯೆಂಬ ಕ್ರಮವನ್ನು ರೂಪಿಸಿದರು. ಐದು ಹತ್ತು ನಿಮಿಷಗಳ ಪುಟ್ಟ ಪಾಠ, ಕೆಲವೇ ವಿದ್ಯಾರ್ಥಿಗಳು, ಒಂದೇ ಕೌಶಲ, ಉದಾಹರಣೆಗೆ ಪ್ರಶ್ನೆ ಕೇಳುವುದು ಅಥವಾ ನಿದರ್ಶನ ಕೊಡುವುದು. ಪಾಠ ಮುಗಿದೊಡನೆ ವಿಮರ್ಶೆ. ಅದರ ಬೆಳಕಿನಲ್ಲಿ ಮರುಪಾಠ. ಭಾರತದ ಬಿ.ಎಡ್. ಕಾಲೇಜುಗಳಲ್ಲಿಯೂ ಇದು ಎಪ್ಪತ್ತರ ದಶಕದಿಂದ ರೂಢಿಗೆ ಬಂದಿತು. ದುರ್ದೈವವೆಂದರೆ ಪದವಿಯೊಡನೆ ಅದೂ ಮುಗಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಅದನ್ನು ನೆನೆಯುವವರು ವಿರಳ. ಜಪಾನಿನ ಶಾಲೆಗಳಲ್ಲಾದರೋ ಒಬ್ಬರು ಪಾಠ ಮಾಡುವಾಗ ಸಹೋದ್ಯೋಗಿಗಳು ಕುಳಿತು ನೋಡಿ, ಬಳಿಕ ಒಟ್ಟಾಗಿ ಚರ್ಚಿಸಿ, ಪಾಠವನ್ನು ಪರಿಷ್ಕರಿಸುವ ಪದ್ಧತಿಯು ಬಹುಕಾಲದಿಂದ ಬೇರೂರಿದೆ. ಅಲ್ಲಿ ವಿಮರ್ಶೆಗೆ ಒಳಗಾಗುವುದು ಪಾಠ, ಅಧ್ಯಾಪಕನಲ್ಲ. ಈ ವಿವೇಕವಿದ್ದಲ್ಲಿ ತಿದ್ದುಪಡಿಯು ಅವಮಾನವಾಗದು.

ವಿದ್ಯಾರ್ಥಿಯ ವಿಷಯದಲ್ಲಿಯೂ ಇದೇ ನ್ಯಾಯ. ಕನ್ನಡದ ಉಕ್ತಲೇಖನವನ್ನೇ ತೆಗೆದುಕೊಳ್ಳಬಹುದು. ಇಪ್ಪತ್ತು ತಪ್ಪುಗಳಿಗೆ ಕೆಂಪು ಮಸಿಯ ಇಪ್ಪತ್ತು ಗೆರೆಗಳನ್ನೆಳೆದು ಪುಸ್ತಕವನ್ನು ಹಿಂದಿರುಗಿಸಿದರೆ ಬಾಲಕನು ಅಂಕವನ್ನಷ್ಟೇ ನೋಡಿ ಮಡಿಚಿಡುತ್ತಾನೆ. ಆ ಇಪ್ಪತ್ತರಲ್ಲಿ ಹದಿನಾಲ್ಕು ಮಹಾಪ್ರಾಣದ ತಪ್ಪುಗಳೆಂದು ಅಧ್ಯಾಪಕನು ಗುರುತಿಸಿದನೆನ್ನೋಣ. ಆಗ ದೋಷವು ಇಪ್ಪತ್ತಲ್ಲ, ಮುಖ್ಯವಾಗಿ ಒಂದೇ ಎಂದು ಹುಡುಗನಿಗೂ ಧೈರ್ಯ ಬರುತ್ತದೆ. ಮಹಾಪ್ರಾಣವಿರುವ ಹತ್ತೇ ಶಬ್ದಗಳನ್ನು ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಬರೆಯಿಸಿ, ಅಲ್ಲಿಯೇ ತಿದ್ದಿ, ಮರುದಿನ ಐದು ನಿಮಿಷ, ವಾರದ ಬಳಿಕ ಐದು ನಿಮಿಷ ಮತ್ತೆ ಬರೆಯಿಸಿದರೆ ಫಲ ಕಾಣುತ್ತದೆ. ಕಲಿತದ್ದು ಮೊದಲ ದಿನಗಳಲ್ಲೇ ಅತಿ ವೇಗವಾಗಿ ಮರೆತುಹೋಗುತ್ತದೆಂದೂ, ಅಂತರ ಬಿಟ್ಟು ಮಾಡುವ ಪುನರಾವರ್ತನೆಯು ಒಂದೇ ದಿನ ರಾಶಿ ಹಾಕುವುದಕ್ಕಿಂತ ಲಾಭಕರವೆಂದೂ ಜರ್ಮನಿಯ ಎಬ್ಬಿಂಗ್‌ಹೌಸ್ ಅವರು ೧೮೮೫ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದಾರೆ.

ಪ್ರಬಂಧರಚನೆಗೆ ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವ ಉಪಾಯವು ಅನುಕರಣೀಯ. ಅವರು ಬಾಲ್ಯದಲ್ಲಿ ಒಳ್ಳೆಯ ಲೇಖನವೊಂದನ್ನು ಓದಿ, ಪ್ರತಿವಾಕ್ಯದ ಆಶಯವನ್ನು ಚಿಕ್ಕದಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಮೂಲವನ್ನು ನೋಡದೆ ತಮ್ಮ ಮಾತಿನಲ್ಲಿ ಮತ್ತೆ ಬರೆದು, ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದರು. ಗುರುವಿಲ್ಲದಲ್ಲಿ ಸದ್ಗ್ರಂಥವನ್ನೇ ಗುರುವಾಗಿಸಿಕೊಳ್ಳುವ ಮಾರ್ಗವಿದು.

ಆಟದ ಅಂಗಳದಲ್ಲಿ

ಅರ್ಜುನನು ಒಂದು ರಾತ್ರಿ ಉಣ್ಣುತ್ತಿದ್ದಾಗ ಗಾಳಿಗೆ ದೀಪವಾರಿತು. ಕತ್ತಲೆಯಲ್ಲಿಯೂ ಕೈ ತಪ್ಪದೆ ಬಾಯಿಗೆ ಹೋಗುವುದನ್ನು ಕಂಡು ಅವನು ರಾತ್ರಿಯಲ್ಲಿ ಬಾಣಪ್ರಯೋಗವನ್ನು ಸಾಧಿಸತೊಡಗಿದನೆಂದು ಮಹಾಭಾರತದ ಆದಿಪರ್ವವು ಹೇಳುತ್ತದೆ. ಹಗಲಿನ ಬಿಲ್ವಿದ್ಯೆಯಲ್ಲಿ ತೃಪ್ತನಾಗದೆ ತನಗೆ ಕಷ್ಟವಾದುದನ್ನು ತಾನೇ ಹುಡುಕಿಕೊಂಡುದು ಇಲ್ಲಿಯ ಸ್ವಾರಸ್ಯ. ಕ್ರಿಕೆಟ್ ಆಟದ ಮಹಾಪುರುಷ ಡೊನಾಲ್ಡ್ ಬ್ರಾಡ್‌ಮನ್ ಬಾಲ್ಯದಲ್ಲಿ ಆಸ್ಟ್ರೇಲಿಯದ ಬೌರಲ್ ಎಂಬ ಊರಿನ ತಮ್ಮ ಮನೆಯ ಹಿಂದೆ, ನೀರಿನ ತೊಟ್ಟಿಯ ಇಟ್ಟಿಗೆಯ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಅದು ಪುಟಿದು ಬರುವಾಗ ಒಂದು ಸ್ಟಂಪಿನಿಂದ ಹೊಡೆಯುತ್ತಿದ್ದರು. ಅಗಲವಾದ ಬ್ಯಾಟಿಗಿಂತ ಸಣ್ಣ ಕೋಲು, ದೊಡ್ಡ ಚೆಂಡಿಗಿಂತ ಸಣ್ಣ ಚೆಂಡು. ಗರಡಿಮನೆಯ ಉಸ್ತಾದನೂ ಹೊಸ ಹುಡುಗನನ್ನು ನೇರವಾಗಿ ಕುಸ್ತಿಗೆ ಇಳಿಸುವುದಿಲ್ಲ. ದಂಡ, ಬೈಠಕ್‌ಗಳಿಂದ ಮೈ ಪಳಗಿಸಿ, ಒಂದು ಪಟ್ಟನ್ನು ಮಾತ್ರ ತೋರಿಸಿ, ಅದು ಕೂಡಿಬಂದ ಮೇಲೆ ಅದನ್ನು ಬಿಡಿಸಿಕೊಳ್ಳುವ ಪಟ್ಟನ್ನು ಕಲಿಸುತ್ತಾನೆ.

ಒಂದೇ ಅಂಶವನ್ನು ಹಿಡಿಯಬೇಕೆಂದರೆ ಒಂದೇ ರೀತಿಯಲ್ಲಿ ಮಾಡಬೇಕೆಂದಲ್ಲ. ೧೯೭೮ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು ಮಕ್ಕಳಿಗೆ ಬೀಜದ ಚೀಲಗಳನ್ನು ಗುರಿಗೆ ಎಸೆಯುವ ಆಟವನ್ನು ಕೊಟ್ಟರು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು ಮೂರು ಅಡಿ ದೂರದಿಂದ ಮಾತ್ರ ಎಸೆದು ಕಲಿಯಿತು; ಇನ್ನೊಂದು ಗುಂಪು ಎರಡು ಅಡಿ ಮತ್ತು ನಾಲ್ಕು ಅಡಿಗಳಿಂದ. ಕೊನೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಗೆದ್ದದ್ದು ಆ ದೂರದಿಂದ ಒಮ್ಮೆಯೂ ಅಭ್ಯಾಸ ಮಾಡದಿದ್ದ ಎರಡನೆಯ ಗುಂಪು. ದೂರವು ಬದಲಾದಾಗಲೆಲ್ಲ ಆ ಮಕ್ಕಳು ಅಳತೆಯನ್ನು ಹೊಸದಾಗಿ ಊಹಿಸಬೇಕಾಯಿತು. ಹಾಗೆ ಊಹಿಸುವುದರಲ್ಲೇ ಕಲಿಕೆ ನಡೆದಿತ್ತು.

ಮಿತಿಯ ಅರಿವು

ಅಭ್ಯಾಸವೇ ಸರ್ವಸ್ವವೆಂದು ಹೇಳಿದರೆ ಅದು ಸತ್ಯವಲ್ಲ. ೨೦೧೪ರಲ್ಲಿ ಮ್ಯಾಕ್‌ನಮಾರ, ಹ್ಯಾಂಬ್ರಿಕ್, ಆಸ್ವಾಲ್ಡ್ ಎಂಬ ವಿದ್ವಾಂಸರು ಅದುವರೆಗಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದರು. ವ್ಯಕ್ತಿವ್ಯಕ್ತಿಗಳ ನಡುವಣ ಸಾಮರ್ಥ್ಯಭೇದದಲ್ಲಿ ಇಂತಹ ಅಭ್ಯಾಸದಿಂದ ವಿವರಿಸಬಹುದಾದ ಪಾಲು ಚದುರಂಗದಂತಹ ಆಟಗಳಲ್ಲಿ ಶೇಕಡಾ ೨೬, ಸಂಗೀತದಲ್ಲಿ ೨೧, ಕ್ರೀಡೆಗಳಲ್ಲಿ ೧೮, ವಿದ್ಯಾಭ್ಯಾಸದಲ್ಲಿ ೪, ಉದ್ಯೋಗಗಳಲ್ಲಿ ಒಂದಕ್ಕಿಂತ ಕಡಿಮೆ ಎಂದು ಕಂಡುಬಂದಿತು. ಗುರಿಯೂ ತಿದ್ದುಪಡಿಯೂ ಸ್ಪಷ್ಟವಾಗಿರುವಲ್ಲಿ ಪಾಲು ಹೆಚ್ಚು, ಅಸ್ಪಷ್ಟವಾಗಿರುವಲ್ಲಿ ಕಡಿಮೆ. ಉಳಿದ ಪಾಲಿಗೆ ದೇಹಪ್ರಕೃತಿ, ಆರಂಭದ ವಯಸ್ಸು, ಮನೆಯ ಸ್ಥಿತಿ, ದೊರೆತ ಗುರು ಮೊದಲಾದ ಅನೇಕ ಕಾರಣಗಳಿರಬಹುದು.

ಈ ಅರಿವಿನಿಂದ ಅಧ್ಯಾಪಕನು ಎರಡು ಅನ್ಯಾಯಗಳಿಂದ ಪಾರಾಗಬೇಕು. ಕಲಿಯಲು ತಡಮಾಡುವ ಮಗುವನ್ನು ನೋಡಿ ‘ಇವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ’ ಎನ್ನುವುದು ಮೊದಲನೆಯ ಅನ್ಯಾಯ. ಆ ಒಂದು ಮಾತನ್ನು ಕೇಳಿ ಪಾಟಿಚೀಲವನ್ನು ಮೂಲೆಗೆಸೆದು ದನದ ಹಿಂದೆ ಹೋದ ಮಕ್ಕಳ ಲೆಕ್ಕವನ್ನು ಯಾವ ಶಾಲೆಯ ಹಾಜರಿ ಪುಸ್ತಕವೂ ಇಟ್ಟಿಲ್ಲ. ಎಲ್ಲರಿಗೂ ಸಮಾನ ಅವಕಾಶವಿತ್ತೆಂದು ಭಾವಿಸಿ ‘ನೀನು ಸಾಕಷ್ಟು ದುಡಿಯಲಿಲ್ಲ’ ಎಂದು ಹಿಂದುಳಿದವನನ್ನೇ ದೂಷಿಸುವುದು ಎರಡನೆಯ ಅನ್ಯಾಯ. ಏಕಲವ್ಯನು ಅಭ್ಯಾಸದಲ್ಲಿ ಯಾರಿಗೆ ಕಡಿಮೆಯಾಗಿದ್ದನು? ಅವನ ಸಾಧನೆಯು ನಿಂತುದು ಪ್ರಯತ್ನದ ಕೊರತೆಯಿಂದಲ್ಲ, ಹೆಬ್ಬೆರಳನ್ನು ಕೇಳಿ ಪಡೆದುದರಿಂದ. ಹಸಿವು, ದೂರದ ಹಳ್ಳಿ, ದೀಪವಿಲ್ಲದ ಮನೆ, ಹೊಲದ ಕೂಲಿ, ಇವೂ ಹೆಬ್ಬೆರಳನ್ನು ಕೇಳುವಂತಹವೇ.

ಇಲ್ಲಿಯೇ ಮಠಗಳ ವಿದ್ಯಾದಾಸೋಹದ ಮಹತ್ವವು ಕಾಣುತ್ತದೆ. ಏಕಾಗ್ರವಾದ ಅಭ್ಯಾಸಕ್ಕೆ ಹಸಿವಿಲ್ಲದ ಹೊಟ್ಟೆ, ನಿಶ್ಚಿಂತವಾದ ಒಂದೆರಡು ತಾಸು, ತಿದ್ದುವ ಗುರು ಬೇಕು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳವರು (೧೯೦೭-೨೦೧೯) ಸಾವಿರಾರು ಬಡಮಕ್ಕಳಿಗೆ ಜಾತಿಮತಗಳ ಭೇದವಿಲ್ಲದೆ ಒದಗಿಸಿದ್ದು ಇದನ್ನೇ. ಪ್ರಸಾದನಿಲಯಕ್ಕೆ ಒಂದು ಚೀಲ ಜೋಳವನ್ನು ಕೊಟ್ಟ ದಾನಿಯು ಒಬ್ಬ ಬಾಲಕನಿಗೆ ಅಷ್ಟು ತಾಸುಗಳ ಅಭ್ಯಾಸವನ್ನೇ ಕೊಟ್ಟಂತಾಯಿತು. ಕಟ್ಟಡಗಳಿಗೆ ಸಲ್ಲುವ ದಾನವು ಕಣ್ಣಿಗೆ ಕಾಣುತ್ತದೆ. ಅಧ್ಯಾಪಕರು ಪರಸ್ಪರ ಪಾಠ ನೋಡಿ ಚರ್ಚಿಸಲು ವಾರಕ್ಕೊಂದು ಅವಧಿಯ ಬಿಡುವು, ಸಂಜೆಯ ಹೊತ್ತು ಹಿಂದುಳಿದ ಮಕ್ಕಳ ಬಳಿ ಕುಳಿತು ತಿದ್ದುವವರೊಬ್ಬರು, ಇಂತಹವು ಕಾಣದಿದ್ದರೂ ಅಷ್ಟೇ ಫಲಕಾರಿಯಾದುವು.

ಉಪಸಂಹಾರ

ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ದೃಢವಾಗುತ್ತದೆಂಬುದು ಯೋಗಸೂತ್ರಕಾರರಾದ ಪತಂಜಲಿಗಳ ಅಭಿಪ್ರಾಯ. ಈ ಮೂರರಲ್ಲಿ ಮೊದಲೆರಡನ್ನು ಗಡಿಯಾರವೂ ಪಂಚಾಂಗವೂ ಅಳೆಯಬಲ್ಲವು. ಆದರವನ್ನು ಅಳೆಯುವ ಸಾಧನವಿಲ್ಲ. ವಿದ್ಯೆಯಲ್ಲಿ ಆದರವೆಂದರೆ ತನ್ನ ತಪ್ಪನ್ನು ನೋಡಲು ಅಂಜದಿರುವುದು. ಅಧ್ಯಾಪಕನಲ್ಲಿ ಆದರವೆಂದರೆ ಎದುರಿಗಿರುವ ಮಗುವು ಇನ್ನೊಂದು ಮೆಟ್ಟಿಲು ಏರಬಲ್ಲದೆಂದು ನಂಬಿ, ಆ ಮೆಟ್ಟಿಲು ಯಾವುದೆಂದು ಬೆರಳಿಟ್ಟು ತೋರಿಸುವುದು. ವರ್ಷದ ಕೊನೆಯಲ್ಲಿ ಫಲಿತಾಂಶದ ಪಟ್ಟಿಯನ್ನು ನೋಡುವಾಗ ಉತ್ತೀರ್ಣರಾದವರ ಸಂಖ್ಯೆಯೊಡನೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳುವುದು ಒಳಿತು: ಜೂನ್ ತಿಂಗಳಲ್ಲಿ ‘ಆಲು’ ಎನ್ನುತ್ತಿದ್ದ ಹುಡುಗನು ಮಾರ್ಚ್ ತಿಂಗಳಲ್ಲಿ ‘ಹಾಲು’ ಎನ್ನುತ್ತಿದ್ದಾನೆಯೇ? ಎನ್ನುತ್ತಿದ್ದರೆ ಆ ತರಗತಿಯಲ್ಲಿ ನಡೆದದ್ದು ಅಭ್ಯಾಸ.